ಮಣ್ಣು ತಿನ್ನುವ ಜಾಗ

ಮೂರನೆಯ ಬುಟ್ಟಿ ಸುರಿದರೂ ತಗ್ಗು ತುಂಬಲಿಲ್ಲ. ಮಟ್ಟಕ್ಕ ಮೊಣಕಾಲೂರಿ ಕೂತು ಜರಡಿ ಹಿಡಿದ ಮಣ್ಣನ್ನು ಅಂಗೈಯಿಂದ ಹರವಿದಳು. ಮೇಲೊಂದು ಹಲಗೆ ಇಟ್ಟು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಹಲಗೆ ಒಂದು ಬೆರಳು ಕೆಳಗೆ ಹೋಯಿತು. ಪಕ್ಕದಲ್ಲಿ ಚಾಪೆಯ ಹಾಗೆ ಸುತ್ತಿಟ್ಟ ಹುಲ್ಲು ಬೇರು ತೋರಿಸಿಕೊಂಡು ಬಿದ್ದಿತ್ತು. ಬಿಸಿಲೇರಿ ಬೇರು ಒಣಗುವುದರೊಳಗೆ ಅದನ್ನು ವಾಪಸ್ ಹಾಸಬೇಕು. ಒಂಬತ್ತಕ್ಕೆ ಆಟಗಾರರು ಬರುತ್ತಾರೆ. ಅಷ್ಟರಲ್ಲಿ ಇಲ್ಲಿ ಯಾರೋ ಕೂತಿದ್ದರು ಎಂಬ ಗುರುತೂ ಉಳಿದಿರಬಾರದು.

"ಇನ್ನೊಂದು ಬುಟ್ಟಿ ತಾ," ಎಂದಳು.

ಬುಟ್ಟಿ ಹೊರುತ್ತಿದ್ದವಳನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ನಿದ್ದೆಯಲ್ಲೂ ಅವಳ ಬಾಯಿ ನಿಲ್ಲುವುದಿಲ್ಲ ಎಂದು ಅವಳ ಗಂಡನೇ ಹೇಳುತ್ತಿದ್ದ. ಅವಳು ಬುಟ್ಟಿಯನ್ನು ಸೊಂಟದಿಂದ ಇಳಿಸಿ ತಗ್ಗನ್ನು ನೋಡಿದಳು.

"ನಿನ್ನೆ ತಾನೆ ಎರಡು ತಿಂತು. ಇವತ್ತು ನಾಲ್ಕು. ಅಕ್ಕಾ, ಈ ಜಾಗ ಬಸುರಿ ಇರಬೇಕು. ಅದಕ್ಕೇ ಈ ಹಸಿವು."

"ಬಸುರಿಯಾದ್ರೆ ಹೊಟ್ಟೆ ಮೇಲೆ ಬರುತ್ತೆ ಕಣೇ. ಒಳಗೆ ಹೋಗಲ್ಲ."

ರೇಡಿಯೋ ನಕ್ಕಳು. ಮಟ್ಟಕ್ಕ ನಗಲಿಲ್ಲ. ನಾಲ್ಕನೆಯ ಬುಟ್ಟಿ ಸುರಿದು, ಹುಲ್ಲಿನ ಚಾಪೆಯನ್ನು ಬಿಡಿಸಿ ಹಾಸಿ, ಸಂದಿನುದ್ದಕ್ಕೂ ಬೆರಳಿನಿಂದ ಬೇರಿಗೆ ಬೇರು ಸೇರಿಸುತ್ತ ಹೋದಳು. ಈ ವಿದ್ಯೆ ಅತ್ತೆ ಕಲಿಸಿದ್ದು. ಗಾಯ ಹೊಲಿದ ಹಾಗೆ ಹೊಲಿಯಬೇಕು, ಕಲೆ ಉಳಿಯಬಾರದು ಎಂದು ಅತ್ತೆ ಹೇಳುತ್ತಿದ್ದಳು. ಕಲೆ ಉಳಿಯಲಿಲ್ಲ. ಎದ್ದು ನಿಂತು ನೋಡಿದರೆ ತಾನೇ ಎಲ್ಲಿ ಕತ್ತರಿಸಿದ್ದೆ ಎಂಬುದು ಅವಳಿಗೇ ಗೊತ್ತಾಗಲಿಲ್ಲ.

ಅವಳಿಗೆ ಆ ಹೆಸರು ಬಂದದ್ದು ಕಾಲಿನಿಂದ. ಗಾರೆಯವರು ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಂತಿತೇ ಎಂದು ನೋಡುತ್ತಾರಲ್ಲ, ಆ ಕೆಲಸವನ್ನು ಅವಳು ಬರಿಗಾಲಲ್ಲಿ ಮಾಡುತ್ತಿದ್ದಳು. ಒಂದು ಹೆಜ್ಜೆ ಇಟ್ಟರೆ ಸಾಕು, ಇಲ್ಲಿ ಅರ್ಧ ಬೆರಳು ತಗ್ಗು, ಇಲ್ಲಿ ನೀರು ನಿಲ್ಲುತ್ತದೆ, ಇಲ್ಲಿ ಹುಳ ಬಿದ್ದಿದೆ ಎಂದು ಹೇಳುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಅವಳ ಕಾಲು ಸುಳ್ಳು ಹೇಳಿರಲಿಲ್ಲ. ಈಗ ಆ ಕಾಲು ಬೇರೆ ಏನೋ ಹೇಳುತ್ತಿತ್ತು. ಕೆಳಗೆ ನೆಲ ಇಲ್ಲ ಎನ್ನುತ್ತಿತ್ತು.

ಆ ಫುಟ್‌ಬಾಲ್ ಮೈದಾನದ ಹುಲ್ಲಿಗೆ ಮೂವತ್ತು ಹೆಂಗಸರಿದ್ದರು. ಬೆಳಕು ಹರಿಯುವ ಹೊತ್ತಿಗೆ ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಮೊಂಡು ಚಾಕು ಹಿಡಿದು, ಕಳೆ ಕೀಳುತ್ತ ಆ ತುದಿಯಿಂದ ಈ ತುದಿಗೆ ಸರಿಯಬೇಕು. ಚಪ್ಪಲಿ ಹಾಕುವಂತಿಲ್ಲ. ಹುಲ್ಲು ನಲುಗುತ್ತದೆಯಂತೆ. ಮೊಣಕಾಲ ಚರ್ಮ ಸತ್ತು ಕಪ್ಪಾಗಿತ್ತು. ಗೊಬ್ಬರದ ಪುಡಿ ಬೆರಳಿನ ಸೀಳುಗಳಲ್ಲಿ ಇಳಿದು, ಮನೆಯಲ್ಲಿ ಉಪ್ಪು ಮುಟ್ಟಿದರೆ ಪ್ರಾಣ ಹೋಗುವ ಉರಿ. ಹೊಸ ಕಟ್ಟಡದಲ್ಲಿ ಹದಿನೆಂಟು ಶೌಚಾಲಯ ಕಟ್ಟಿದ್ದರು. ಹದಿನೆಂಟಕ್ಕೂ ಬೀಗ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಒಂಬತ್ತಕ್ಕೆ ಸೀಟಿ ಊದಿದರೆ ಎದ್ದು ಓಡಿ ಜಾಹೀರಾತಿನ ಫಲಕಗಳ ಹಿಂದೆ ಬಗ್ಗಿ ಕೂರಬೇಕು. ತಲೆ ಕಾಣಬಾರದು. ಕ್ಯಾಮೆರಾಕ್ಕೆ ಬಿದ್ದ ತಲೆ ಮರುದಿನ ಗೇಟಿನೊಳಗೆ ಬರುತ್ತಿರಲಿಲ್ಲ.

ಕುರ್ಚಿಯ ಮಾತಂತೂ ಬೇಡ. ಒಮ್ಮೆ ಗುಂಪಿನ ಮುದುಕಿಯೊಬ್ಬಳು ತಲೆ ತಿರುಗಿ ಮೊದಲ ಸಾಲಿನ ಕುರ್ಚಿಯಲ್ಲಿ ಕುಸಿದಳು. ಅವಳು ಚೇತರಿಸಿಕೊಂಡು ಏಳುವವರೆಗೆ ಮೇಸ್ತ್ರಿ ಕಾದ. ಆಮೇಲೆ ಬಟ್ಟೆ ತರಿಸಿ ಅವಳ ಕೈಯಲ್ಲೇ ಆ ಕುರ್ಚಿ ಒರೆಸಿಸಿದ.

ದೊಡ್ಡ ಲೀಗಿನಲ್ಲಿ ಹನ್ನೆರಡು ತಂಡಗಳಿದ್ದವು. ಮುಂದಿನ ವರ್ಷಕ್ಕೆ ಹದಿನಾರು ಮಾಡುತ್ತಾರಂತೆ. ನಾಲ್ಕು ಜಾಗಕ್ಕೆ ಒಂಬತ್ತು ಊರು ಬಾಯಿ ತೆರೆದು ಕೂತಿದ್ದವು. ಆಟ ಹೇಗೆ ಆಡುತ್ತೀರಿ ಎಂದು ಯಾರೂ ಕೇಳುತ್ತಿರಲಿಲ್ಲ. ದೀಪ ಎಷ್ಟು, ಕ್ಯಾಮೆರಾ ಇಡಲು ಕಟ್ಟೆ ಎಷ್ಟು, ಕಾರು ನಿಲ್ಲಿಸಲು ಜಾಗ ಎಷ್ಟು, ಕುರ್ಚಿ ಎಷ್ಟು. ಕ್ಲಬ್ಬು ತನ್ನ ಹಳೆಯ ಹೆಸರು ಬಿಟ್ಟಿತು, ಬಣ್ಣ ಬಿಟ್ಟಿತು, ಊರಿನ ಹುಡುಗರಲ್ಲಿ ಏಳು ಜನರನ್ನು ಒಂದೇ ದಿನ ಮನೆಗೆ ಕಳಿಸಿತು. ಪಶ್ಚಿಮದ ಬದಿಗೆ ಒಂದು ಮಣ್ಣಿನ ದಿಬ್ಬ ಇತ್ತು. ಊರಿನ ಕೂಲಿ ಗಂಡಸರೆಲ್ಲ ಅದರ ಮೇಲೆ ನಿಂತು ಆಟ ನೋಡುತ್ತಿದ್ದರು. ಲೀಗಿನವರಿಗೆ ನಿಂತವರು ಲೆಕ್ಕಕ್ಕಿಲ್ಲ, ನಂಬರು ಬಿದ್ದ ಕುರ್ಚಿ ಮಾತ್ರ ಲೆಕ್ಕ. ನಾಲ್ಕು ದಿನದಲ್ಲಿ ದಿಬ್ಬ ಕಡಿದು ಸಾಗಿಸಿದರು. ಅಲ್ಲಿ ಕಬ್ಬಿಣದ ಕೊಳವೆಗಳ ಗ್ಯಾಲರಿ ಎದ್ದಿತು. ಮೂರು ಸಾವಿರ ಹಳದಿ ಕುರ್ಚಿ. ಅದರ ಮುಂಗಾಲುಗಳು ಮೈದಾನದ ಅಂಚಿನ ಹುಲ್ಲಿಗೆ ತಾಗಿಕೊಂಡು ಮರದ ಹಲಗೆಗಳ ಮೇಲೆ ನಿಂತಿದ್ದವು. ಮಣ್ಣು ತಿನ್ನುತ್ತಿದ್ದುದು ಆ ಅಂಚಿನ ಪಟ್ಟಿಯೇ.

ಭಾನುವಾರ ಲೀಗಿನಿಂದ ಮೂವರು ನೋಡಲು ಬರುವವರಿದ್ದರು. ಅವತ್ತು ಬುಧವಾರ.

ಮೇಸ್ತ್ರಿ ಕೊಡೆಯ ಕೆಳಗೆ ಕೂತು ಚಹಾ ಕುಡಿಯುತ್ತಿದ್ದ. ಮಟ್ಟಕ್ಕ ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ಅಣ್ಣ, ಆ ಪಟ್ಟಿ ಕೂರ್ತಾ ಇದೆ."

"ಕೂರಲಿ ಬಿಡು. ನೀವು ಬೆಳಗ್ಗೆಯಿಂದ ಕೂತಿಲ್ವಾ?"

"ತಮಾಷೆ ಅಲ್ಲಣ್ಣ. ಮೂರು ವಾರದಲ್ಲಿ ಮೂವತ್ತೊಂದು ಬುಟ್ಟಿ ಹಾಕಿದೀನಿ. ಅಷ್ಟು ಮಣ್ಣು ಎಲ್ಲಿಗೆ ಹೋಯ್ತು?"

ಮೇಸ್ತ್ರಿ ಲೋಟ ಕೆಳಗಿಟ್ಟ. ಅವನೂ ನೆಲದ ಕೆಲಸ ಮಾಡಿ ಮೇಲೆ ಬಂದವನು. ಮೂವತ್ತೊಂದು ಬುಟ್ಟಿ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಎದ್ದು ಹೋಗಿ ಎಂಜಿನಿಯರನ್ನು ಕರೆತಂದ. ಕ್ಲಬ್ಬಿನ ಮ್ಯಾನೇಜರೂ ಹಿಂದೆಯೇ ಬಂದ, ಫೋನು ಕಿವಿಯಲ್ಲಿಟ್ಟುಕೊಂಡೇ.

ಎಂಜಿನಿಯರು ಮೀಸೆ ಸರಿಯಾಗಿ ಚಿಗುರದ ವಯಸ್ಸಿನವನು. ಮೂರು ಕಾಲಿನ ಯಂತ್ರ ನಿಲ್ಲಿಸಿ, ಕಣ್ಣಿಟ್ಟು, ಅಂಚಿನುದ್ದಕ್ಕೂ ಕೋಲು ಹಿಡಿಸಿ ನೋಡಿದ.

"ಎಲ್ಲಾ ಮಟ್ಟವಾಗೇ ಇದೆ ಸರ್. ಕೂದಲೆಳೆ ವ್ಯತ್ಯಾಸ ಇಲ್ಲ."

"ಬೆಳಗ್ಗೆ ನಾನೇ ತುಂಬಿದ್ದು ಸರ್," ಎಂದಳು ಮಟ್ಟಕ್ಕ. "ಅದಕ್ಕೇ ಮಟ್ಟ."

"ಎಲ್ಲಿ ತುಂಬಿದ್ರಿ? ತೋರಿಸಿ. ಕತ್ತರಿಸಿದ ಗುರುತು ಎಲ್ಲಿ?"

ಅವಳು ಬಗ್ಗಿ ಹುಡುಕಿದಳು. ಬೆರಳಿನಿಂದ ಹುಲ್ಲು ಬಿಡಿಸಿ ಬಿಡಿಸಿ ನೋಡಿದಳು. ಹುಲ್ಲು ಒಂದೇ ಸಮ ಹಸಿರಾಗಿ ನಿಂತಿತ್ತು. ಇಪ್ಪತ್ತು ದಿನ ಅವಳು ತುಂಬಿದ್ದೆಲ್ಲ, ಹೊಲಿದದ್ದೆಲ್ಲ ಮಣ್ಣಿನೊಳಗೆ ಮುಚ್ಚಿಹೋಗಿತ್ತು. ಅವಳ ಕೈಗೆಲಸವೇ ಅವಳ ಬಾಯಿಗೆ ಬೀಗ ಹಾಕಿತ್ತು.

ಮ್ಯಾನೇಜರು ಫೋನು ಇಳಿಸಿದ. "ಯಂತ್ರ ಮಟ್ಟ ಅಂತಿದೆ. ಇವಳ ಕಾಲು ಅಲ್ಲ ಅಂತಿದೆ. ಯಾವ ಕಾಲೇಜಲ್ಲಮ್ಮ ನಿನ್ನ ಕಾಲು ಓದಿದ್ದು?"

ತಾಲೀಮಿಗೆ ಬಂದು ನಿಂತಿದ್ದ ಆಟಗಾರರು ಈ ಕಡೆ ತಿರುಗಿದರು.

"ನಡಿ. ನಡೆದು ತೋರ್ಸು. ಎಲ್ಲಿ ಮೆತ್ತಗಿದೆ ಅಂತ ಹೇಳು, ಎಲ್ಲರೂ ನೋಡ್ತೀವಿ."

ಅವಳು ನಡೆದಳು. ಮಣ್ಣು ಮೆತ್ತಿದ ಬಟ್ಟೆಯ ಅಂಚನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಒಡೆದ ಹಿಮ್ಮಡಿ ಕಾಣುವ ಹಾಗೆ, ಒಂದೊಂದೇ ಹೆಜ್ಜೆ. ಯಾರೋ ಸೀಟಿ ಹೊಡೆದರು. ಯಾರೋ ಫೋನಿನಲ್ಲಿ ವಿಡಿಯೋ ತೆಗೆದುಕೊಂಡರು. ಹನ್ನೆರಡನೆಯ ಹೆಜ್ಜೆಗೆ ಕಾಲ ಕೆಳಗೆ ಆ ಮೆತ್ತನೆಯ ನಡುಕ ಬಂತು, ತಟ್ಟೆಯಲ್ಲಿಟ್ಟ ನೀರು ಅಲುಗಿದ ಹಾಗೆ. ನಿಂತಳು.

"ಇಲ್ಲಿ," ಎಂದಳು.

ಆಟಗಾರರು ಚಪ್ಪಾಳೆ ತಟ್ಟಿದರು. ಮ್ಯಾನೇಜರೂ ತಟ್ಟಿದ. ಎಂಜಿನಿಯರು ಮಾತ್ರ ನಗಲಿಲ್ಲ. ಅವನು ಅವಳ ಪಕ್ಕದ ಗ್ಯಾಲರಿಯ ಕಾಲನ್ನು ನೋಡುತ್ತಿದ್ದ.

ಅವಳ ಮುಖ ಬಿಸಿಯಾಗಿತ್ತು. ಫಲಕದ ಹಿಂದೆ ಹೋಗಿ ಬಗ್ಗಿ ಕೂತಾಗ ಪಕ್ಕದ ಹೆಂಗಸರು ಏನೂ ಮಾತಾಡಲಿಲ್ಲ. ರೇಡಿಯೋ ಕೂಡ ಮಾತಾಡಲಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಪಟ್ಟಿ ಮೂರು ಬೆರಳು ಇಳಿದಿತ್ತು. ಮಟ್ಟಕ್ಕ ಬುಟ್ಟಿ ಮುಟ್ಟಲಿಲ್ಲ. ಬೇರೆ ಕಡೆ ಹೋಗಿ ಕಳೆ ಕೀಳಲು ಕೂತಳು. ಇವತ್ತು ಎಲ್ಲರೂ ನೋಡಲಿ ಎಂದುಕೊಂಡಳು. ಆದರೆ ಮೊದಲು ನೋಡಿದ್ದು ಮೇಸ್ತ್ರಿ.

"ಏಯ್, ಏನಿದು? ಹೊಂಡ ಬಿಟ್ಟು ಅಲ್ಲೇನು ಮಾಡ್ತಿದ್ದೀಯ?"

"ನಾನು ತುಂಬಲ್ಲ."

"ಏನಂದೆ?"

"ತುಂಬಲ್ಲ ಅಂದೆ. ಯಂತ್ರದವರನ್ನ ಕರೀರಿ. ನೋಡ್ಲಿ."

ಮೇಸ್ತ್ರಿ ದನಿ ಎತ್ತದೆ ರೇಡಿಯೋ ಕಡೆ ತಿರುಗಿದ. "ನೀನು ತುಂಬು. ಅರ್ಧ ಗಂಟೆ. ಆಗಲ್ಲ ಅಂದ್ರೆ ಹೇಳು, ಗೇಟಿನ ಹೊರಗೆ ಇನ್ನೂ ನಲವತ್ತು ಜನ ಕಾಯ್ತಿದ್ದಾರೆ."

ರೇಡಿಯೋ ತುಂಬಿದಳು. ಹಾದುಹೋಗುವಾಗ "ಬೈಕೋಬೇಡ ಅಕ್ಕಾ," ಎಂದು ಪಿಸುಗುಟ್ಟಿದಳು. ಅವಳಿಗೆ ಮೂರು ಮಕ್ಕಳು. ಬೈಯುವುದಾದರೂ ಯಾರನ್ನು?

ಆದರೆ ರೇಡಿಯೋ ಕೈಗೆ ಆ ಕೆಲಸ ಒಗ್ಗಿದ್ದಲ್ಲ. ಹುಲ್ಲಿನ ಚಾಪೆ ವಾರೆಯಾಗಿ ಕೂತಿತು. ಸಂದು ಬಾಯಿ ಬಿಟ್ಟುಕೊಂಡು, ಹರಿದ ಅಂಗಿಗೆ ತೇಪೆ ಹಾಕಿದಂತೆ ದೂರಕ್ಕೂ ಕಾಣುತ್ತಿತ್ತು. ಮಧ್ಯಾಹ್ನ ಆಟಗಾರರು ಹೋದ ಮೇಲೆ ಮಟ್ಟಕ್ಕ ಆ ಕಡೆಯಿಂದ ನೀರಿನ ಪೈಪು ಎಳೆದುಕೊಂಡು ಬಂದಳು. ಸಂದು ಕಣ್ಣಿಗೆ ಬಿತ್ತು. ನೋಡಬಾರದು ಎಂದುಕೊಂಡಳು. ಎರಡು ಹೆಜ್ಜೆ ಮುಂದೆ ಹೋದಳು. ಹತ್ತೊಂಬತ್ತು ವರ್ಷ ಅವಳ ಮೈದಾನದಲ್ಲಿ ಇಂಥ ಒಂದು ಸಂದು ಬಿದ್ದಿರಲಿಲ್ಲ. ಪೈಪು ಕೆಳಗಿಟ್ಟು ವಾಪಸ್ ಬಂದು ಮೊಣಕಾಲೂರಿದಳು. ಚಾಪೆ ಎತ್ತಿ ಸರಿಮಾಡಿ, ತುದಿ ಕತ್ತರಿಸಿ, ಬೇರಿಗೆ ಬೇರು ಸೇರಿಸಿ, ಅಂಗೈಯಿಂದ ತಟ್ಟಿ ಕೂರಿಸಿದಳು.

ಕೆಲಸ ಮುಗಿದು ಸಂದು ಮಾಯವಾದ ಮೇಲೆ ಅವಳಿಗೆ ಹೊಳೆಯಿತು, ತಾನು ಏನು ಮಾಡಿದೆ ಎಂದು. ಉಳಿದಿದ್ದ ಒಂದೇ ಗುರುತು ಅದು. ಯಾರೂ ಹೇಳಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ತನ್ನ ಕೈಯೇ ಅಳಿಸಿತ್ತು. ಆ ಕೈಗಳನ್ನು ನೋಡಿಕೊಂಡಳು. ಕಡಿದು ಹಾಕಬೇಕು ಎನ್ನಿಸುವಷ್ಟು ಸಿಟ್ಟು ಬಂತು.

ತಲೆಯ ಮೇಲೆ, ಗ್ಯಾಲರಿಯ ಮೆಟ್ಟಿಲಲ್ಲಿ, ಬೂಟಿನ ಸದ್ದಾಯಿತು. ಮ್ಯಾನೇಜರು ಮತ್ತು ಎಂಜಿನಿಯರು. ಅವಳು ಅವರಿಗೆ ಕಾಣುವಂತೆಯೇ ಇದ್ದಳು. ಆದರೆ ನೆಲಕ್ಕೆ ಅಂಟಿಕೊಂಡು ಕೂತವರನ್ನು ನೋಡುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ.

"ಸರ್, ಆ ಮುಂಗಾಲಿನ ಹಲಗೆ ಕೆಳಗೆ ನನ್ನ ಕೈ ಪೂರ್ತಿ ಹೋಗುತ್ತೆ," ಎಂದ ಎಂಜಿನಿಯರು. "ಕೊರೆದು ನೋಡಬೇಕು, ಕೆಳಗೆ ಏನಿದೆ ಅಂತ."

"ಎಷ್ಟು ದಿನ?"

"ಎರಡು ವಾರ."

"ಇವತ್ತು ಗುರುವಾರ. ಭಾನುವಾರ ಮೂರು ಗಂಟೆಗೆ ಅವರು ಬಂದು ನಿಲ್ತಾರೆ."

"ಹಾಗಾದ್ರೆ ಈ ಬದಿಗೆ ಜನ ಕೂರಿಸದೆ ತೋರಿಸೋಣ ಸರ್."

"ಖಾಲಿ ಕುರ್ಚಿ ತೋರಿಸಿ? ಈ ಊರಲ್ಲಿ ಫುಟ್‌ಬಾಲ್ ನೋಡೋರೇ ಇಲ್ಲ ಅಂತ ಬರ್ಕೊಂಡು ಹೋಗ್ತಾರೆ. ಪಕ್ಕದ ಊರಿಗೆ ಕೊಡ್ತಾರೆ." ಮ್ಯಾನೇಜರು ದನಿ ಮೆತ್ತಗೆ ಮಾಡಿದ. "ನೋಡಪ್ಪ, ಟಿಕೆಟ್ಟಿನವರನ್ನ ಇಲ್ಲಿ ಕೂರಿಸಲ್ಲ. ಅವರೆಲ್ಲ ಆ ಕಡೆ, ಹಳೇ ಕಾಂಕ್ರೀಟಿನ ಮೇಲೆ. ಇಲ್ಲಿ ನಮ್ಮ ಕೆಲಸದವರು, ದಿಬ್ಬದ ಮೇಲೆ ನಿಲ್ತಿದ್ದ ಕೂಲಿಗಳು, ಎಲ್ಲರ ಮನೆಯವರು. ಪಾಸು ಕೊಟ್ಟರೆ ಕುಣ್ಕೊಂಡು ಬರ್ತಾರೆ. ಎರಡು ಗಂಟೆ ನಿಂತ್ರೆ ಸಾಕು."

"ನಿಲ್ಲದೇ ಇದ್ರೆ?"

"ನಮ್ಮವರೇ ತಾನೇ. ಮಾತಾಡಿ ಸರಿ ಮಾಡಬಹುದು."

ಬೂಟುಗಳು ದೂರ ಹೋದವು. ಒಂದು ಜೊತೆ ಮಾತ್ರ ವಾಪಸ್ ಬಂದು ಮೆಟ್ಟಿಲಿಳಿಯಿತು. ಎಂಜಿನಿಯರು ಅವಳೆದುರು ನಿಂತ. ಅವನ ಮುಖ ಬಿಳಿಚಿತ್ತು.

"ಅಕ್ಕ," ಎಂದ. "ಭಾನುವಾರ ನಿಮ್ಮ ಮನೆಯವರನ್ನ ಕರ್ಕೊಂಡು ಬರಬೇಡಿ."

"ಉಳಿದವರು?"

ಅವನು ಯಂತ್ರದ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ. ಶುಕ್ರವಾರ ಅವನು ಬರಲಿಲ್ಲ. ಹುಷಾರಿಲ್ಲ, ರಜೆ ಎಂದರು.

ಶುಕ್ರವಾರ ಮೇಸ್ತ್ರಿ ಹಳದಿ ಪಾಸುಗಳ ಕಟ್ಟು ಹಿಡಿದು ಬಂದ. ತಲೆಗೆ ಐದು. ಮನೆಯವರನ್ನೆಲ್ಲ ಕರೆತರಬೇಕು, ಒಳ್ಳೆಯ ಬಟ್ಟೆ ಹಾಕಬೇಕು, ಕೈ ತೋರಿಸಿದಾಗ ಕೂಗಬೇಕು. ಕುರ್ಚಿಯ ನಂಬರಿನ ಮೇಲೆಯೇ ಹಾಜರಿ. ಖಾಲಿ ಬಿದ್ದ ಕುರ್ಚಿಯವರಿಗೆ ಸೋಮವಾರ ಕೆಲಸವಿಲ್ಲ.

ಹೆಂಗಸರು ಪಾಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಕುರ್ಚಿ ಒರೆಸಿದ್ದ ಮುದುಕಿ ಕೇಳಿದಳು: "ಎದ್ದ ಮೇಲೆ ಒರೆಸಬೇಕೇನಪ್ಪ?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೇಸ್ತ್ರಿಯೂ ನಕ್ಕ. ಅವನ ಕೈ ಮಾತ್ರ ಪಾಸುಗಳನ್ನು ಎರಡೆರಡು ಸಲ ಎಣಿಸುತ್ತಿತ್ತು. ಮಟ್ಟಕ್ಕನ ಸರದಿ ಬಂದಾಗ ಅವನು ಕಣ್ಣೆತ್ತಲಿಲ್ಲ.

"ನಿಮ್ಮ ಮನೆಯವರೂ ಬರ್ತಾರಾ ಅಣ್ಣ, ಈ ಕಡೆ?" ಎಂದು ಕೇಳಿದಳು.

"ಮುಂದೆ ನಡಿ. ಹಿಂದೆ ಜನ ಇದ್ದಾರೆ."

ಅವಳು ರೇಡಿಯೋಳನ್ನು ಪಕ್ಕಕ್ಕೆ ಕರೆದು ಕೇಳಿದ್ದನ್ನೆಲ್ಲ ಹೇಳಿದಳು. ಒಂದೊಂದು ಮಾತೂ ಬಿಡದೆ. ರೇಡಿಯೋ ಕೇಳಿದಳು. ಪಾಸುಗಳನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು.

"ಅಕ್ಕಾ, ಯಂತ್ರ ಇಟ್ಟು ನೋಡಿಲ್ವಾ? ಮಟ್ಟ ಇದೆ ಅಂದ್ರಲ್ಲ."

"ನಿನ್ನ ಕೈಯಲ್ಲೇ ಮಣ್ಣು ಹೊರಿಸಿದೀನಿ. ಎಷ್ಟು ಬುಟ್ಟಿ ಅಂತ ನಿಂಗೊತ್ತು."

"ಗೊತ್ತು." ರೇಡಿಯೋ ದನಿ ಒರಟಾಯಿತು. "ಗೊತ್ತಿದ್ದು ಏನ್ಮಾಡ್ಲಿ? ಹೋಗದೇ ಇದ್ರೆ ಸೋಮವಾರ ಒಲೆ ಹಚ್ಚೋ ಹಾಗಿಲ್ಲ. ಮಕ್ಕಳು ಪಾಸು ನೋಡಿದ್ರೆ ಗೋಲ್ ಗೋಲ್ ಅಂತ ಕಿರುಚಿ ನನ್ನ ತಲೆ ತಿಂತಾವೆ. ನೀನೊಬ್ಬಳು ಹೆದರಿಸಬೇಡ ನನ್ನ."

ಮಟ್ಟಕ್ಕ ಉಳಿದ ಹೆಂಗಸರಲ್ಲಿ ಯಾರಿಗೂ ಹೇಳಲಿಲ್ಲ.

ಮನೆ ಒಂದೇ ಕೋಣೆ. ಗಂಡ ಲಾರಿ ಓಡಿಸುತ್ತಿದ್ದ, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಇದ್ದವರು ಅವಳು, ಮಗಳು, ಅತ್ತೆ. ಪಾಸುಗಳನ್ನು ಬಚ್ಚಿಡಬೇಕು ಎಂದುಕೊಂಡೇ ಬಂದಳು. ಅಷ್ಟರಲ್ಲಿ ಸುದ್ದಿ ಬೀದಿಯಲ್ಲಿ ಅವಳಿಗಿಂತ ಮುಂಚೆ ಮನೆ ಸೇರಿತ್ತು. ಅತ್ತೆ ಟ್ರಂಕು ತೆರೆದು ಕೂತಿದ್ದಳು. ನೀಲಿ ಬಟ್ಟೆಯೊಂದನ್ನು ಮೊಣಕಾಲ ಮೇಲಿಟ್ಟುಕೊಂಡು ಮಡಿಕೆ ನೇರ ಮಾಡುತ್ತಿದ್ದಳು.

"ಎಲ್ಲಿ ಕೊಡು, ನೋಡೋಣ."

ಮಟ್ಟಕ್ಕ ಕೊಟ್ಟಳು. ಅತ್ತೆ ಪಾಸನ್ನು ಬೆಳಕಿಗೆ ಹಿಡಿದಳು. ಮೊಣಕಾಲು ಕೈಕೊಡುವವರೆಗೆ ಆ ಮೈದಾನದ ಹುಲ್ಲಲ್ಲಿ ಮೂವತ್ತು ವರ್ಷ ತೆವಳಿದವಳು ಅವಳು. ಆಟದ ದಿನ ಗಂಡಸರು ದಿಬ್ಬದ ಮೇಲೆ ನಿಂತು ನೋಡುತ್ತಿದ್ದರೆ, ಹುಲ್ಲಿನ ಹೆಂಗಸರು ಮರಳಿನ ಚೀಲ ಹಿಡಿದು ಫಲಕದ ಹಿಂದೆ, ಆಟಕ್ಕೆ ಬೆನ್ನು ಕೊಟ್ಟು ಕೂತಿರಬೇಕಿತ್ತು. ವಿರಾಮದಲ್ಲಿ ಓಡಿಹೋಗಿ ಕಿತ್ತ ಹುಲ್ಲು ತುಳಿದು ಕೂರಿಸಿ ಬರಬೇಕು, ಅಷ್ಟೇ. ಅತ್ತೆಗೆ ಆಟ ಕಿವಿಯಿಂದ ಗೊತ್ತು. ಕಾಲಿಗೆ ಚೆಂಡು ತಾಗಿದ ಸದ್ದು ಕೇಳಿ ಗುರಿ ತಪ್ಪಿತು ಎನ್ನುತ್ತಿದ್ದಳು, ಜನ ಉಸಿರು ಎಳೆದುಕೊಳ್ಳುವ ಮೊದಲೇ.

"ಮೂವತ್ತು ವರ್ಷ ಕೇಳಿದೀನಿ. ಒಂದೇ ಒಂದು ಗೋಲ್ ಕಣ್ಣಲ್ಲಿ ನೋಡಿಲ್ಲ," ಎಂದಳು. "ಯಾವ ಬದಿ ಇದು?"

"ಪಶ್ಚಿಮ. ದಿಬ್ಬ ಇತ್ತಲ್ಲ, ಅಲ್ಲಿ."

ಅತ್ತೆಯ ಕೈ ನಿಂತಿತು.

"ದಿಬ್ಬ ತೆಗೆದು ಅಡಿಪಾಯ ಎಷ್ಟು ಆಳ ತೋಡಿದ್ರು?"

"ತೋಡಿಲ್ಲ. ಹಲಗೆ ಮೇಲೆ ನಿಲ್ಸಿದ್ದಾರೆ. ಯಾಕತ್ತೆ?"

"ಬಣ್ಣದ ಕಾರ್ಖಾನೆಯ ಹೊಂಡ ಅದು. ನಾನು ಮದುವೆಯಾಗಿ ಬಂದಾಗ ಬಾಯಿ ತೆರಕೊಂಡಿತ್ತು, ಕೆಂಪು ನೀರು, ನೀಲಿ ನೀರು. ಕಾರ್ಖಾನೆ ಮುಚ್ಚಿದ ಮೇಲೆ ಚಿಂದಿ, ಬೂದಿ, ತಗಡಿನ ಪೀಪಾಯಿ, ಸಿಕ್ಕಿದ್ದೆಲ್ಲ ತುಂಬಿದ್ರು. ನಾವೇ ಹೊತ್ತು ಹಾಕಿದ್ದು. ಮೇಲೆ ದಿಬ್ಬ ಇಟ್ರು, ಹೆಣದ ಮೇಲೆ ಕಲ್ಲಿಟ್ಟ ಹಾಗೆ." ಅತ್ತೆ ಪಾಸನ್ನು ಮಡಿಲಲ್ಲಿಟ್ಟುಕೊಂಡಳು. "ಪೀಪಾಯಿಗಳು ಟೊಳ್ಳು. ಎಷ್ಟು ವರ್ಷ ತಡೀತಾವೆ, ತುಕ್ಕು ಹಿಡಿಯಲ್ವಾ?"

ಮಟ್ಟಕ್ಕ ಎಲ್ಲವನ್ನೂ ಹೇಳಿದಳು. ಬುಟ್ಟಿ, ಯಂತ್ರ, ಮೆಟ್ಟಿಲ ಮೇಲಿನ ಮಾತು. ನಡೆಸಿ ನಗಾಡಿದ್ದನ್ನೂ ಹೇಳಿದಳು. ಮಗಳು ಮೂಲೆಯಲ್ಲಿ ಪುಸ್ತಕ ಮುಚ್ಚಿ ಕೇಳುತ್ತಿದ್ದಳು.

"ಹಾಗಾದ್ರೆ ನೀವಿಬ್ಬರೂ ಹೋಗಬೇಡಿ," ಎಂದಳು ಅತ್ತೆ. "ನಾನು ಹೋಗ್ತೀನಿ. ಹಾಜರಿಗೆ ಒಬ್ಬಳಾದ್ರೂ ಬೇಕಲ್ಲ. ನನಗೆ ವಯಸ್ಸಾಯ್ತು. ಒಂದು ಗೋಲ್ ನೋಡಿ ಬಿದ್ರೆ ನಷ್ಟ ಏನು?"

"ಬಾಯಿ ಮುಚ್ಕೊಳ್ಳಿ ಅತ್ತೆ!"

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅತ್ತೆಗೆ ಹಾಗೆ ಅಂದದ್ದು. ಅತ್ತೆ ಬೇಸರ ಮಾಡಿಕೊಳ್ಳಲಿಲ್ಲ. ನೀಲಿ ಬಟ್ಟೆಯನ್ನು ಟ್ರಂಕಿಗೆ ಹಾಕಲೂ ಇಲ್ಲ. ಗೋಡೆಯ ಮೊಳೆಗೆ ನೇತುಹಾಕಿದಳು.

ಪಕ್ಕದ ಮನೆಯಿಂದ ರೇಡಿಯೋ ಮಕ್ಕಳ ಕೂಗು ಕೇಳಿಸುತ್ತಿತ್ತು. ಅದರಾಚೆ ಇನ್ನೊಂದು ಮನೆ, ಅದರಾಚೆ ಇನ್ನೊಂದು. ಬೀದಿಯುದ್ದಕ್ಕೂ ಬಟ್ಟೆ ಇಸ್ತ್ರಿ ಮಾಡುವ ವಾಸನೆ. ತನ್ನವರನ್ನು ಒಳಗೆ ಕೂಡಿ ಚಿಲಕ ಹಾಕಬಹುದು. ಎಂ­ಜಿನಿಯರು ಹೇಳಿದ್ದೂ ಅಷ್ಟನ್ನೇ. ಅವನು ರಜೆ ಹಾಕಿ ತನ್ನ ಕೈ ತೊಳೆದುಕೊಂಡ ಹಾಗೆ, ತಾನೂ ಒಂದು ಚಿಲಕ ಹಾಕಿ ಕೈ ತೊಳೆದುಕೊಳ್ಳಬಹುದು. ಆಮೇಲೆ ಸೋಮವಾರ ಈ ಬೀದಿಯಲ್ಲಿ ಹೇಗೆ ನಡೆಯುವುದು?

ಶನಿವಾರ ಮೈದಾನ ಮದುವೆ ಮನೆಯಾಗಿತ್ತು. ಫಲಕಗಳಿಗೆ ಹೊಸ ಬಣ್ಣ. ಹದಿನೆಂಟು ಶೌಚಾಲಯದ ಬೀಗ ತೆಗೆದು, ಸಾಬೂನು ಇಟ್ಟು, ಮತ್ತೆ ಬೀಗ ಹಾಕಿದರು. ಗ್ಯಾಲರಿಯ ಮುಂಗಾಲಿನ ಹಲಗೆಗಳ ಸುತ್ತ ಹಸಿರು ಬಟ್ಟೆ ಸುತ್ತಿ ಮುಚ್ಚಿದ್ದರು. ಮಟ್ಟಕ್ಕ ಆ ಬಟ್ಟೆಯ ಕೆಳಗೆ ಕೈ ತೂರಿಸಿದಳು. ಮುಂಗೈ ದಾಟಿ ಮೊಣಕೈವರೆಗೆ ಹೋಯಿತು. ಬೆರಳಿಗೆ ತಣ್ಣನೆಯ ಗಾಳಿ ತಾಗಿತು. ನೆಲದೊಳಗಿಂದ ಬರುವ ಗಾಳಿ.

"ನಾಳೆ ಐದು ಗಂಟೆಗೇ ಬಾ," ಎಂದ ಮೇಸ್ತ್ರಿ ಸಂಜೆ. "ಬೆಳಗ್ಗೆ ಒಂದ್ಸಲ ತುಂಬು. ಅವರು ಬರೋ ಮುಂಚೆ ಇನ್ನೊಂದ್ಸಲ. ನಿನ್ನ ಕೈಯೇ ಆಗಬೇಕು, ಬೇರೆಯವರದು ಕಾಣುತ್ತೆ."

"ನನ್ನ ಕೈ ಬೇಕು. ನನ್ನ ಕಾಲು ಬೇಡ," ಎಂದಳು.

ಮೇಸ್ತ್ರಿ ಸುತ್ತ ನೋಡಿದ. ಯಾರೂ ಇರಲಿಲ್ಲ. "ನಂಗೂ ಹೊಟ್ಟೆ ಇದೆ ಕಣಮ್ಮ," ಎಂದ, ಬೇಡುವವನ ಹಾಗೆ. "ಎರಡು ಗಂಟೆ. ನಿಂತುಬಿಡುತ್ತೆ."

ಅವಳು ಪೈಪಿನ ಕಡೆ ತಿರುಗಿದಳು. ಅವನು ಹೋದ.

ಸಂಜೆ ನೀರು ಬಿಡುವುದು ಅವಳ ಪಾಳಿ. ನಾಲ್ಕು ಬದಿಗೆ ನಾಲ್ಕು ಕವಾಟ. ಒಂದೊಂದಕ್ಕೂ ಅರ್ಧ ಗಂಟೆ. ಉಳಿದ ಹೆಂಗಸರು ಗೇಟಿನತ್ತ ಹೊರಟಿದ್ದರು. ಬಣ್ಣದವರು, ಬೋಲ್ಟು ಬಿಗಿಯುವವರು ಮಧ್ಯಾಹ್ನವೇ ಹೋಗಿದ್ದರು. ಅವಳು ಪೂರ್ವದ ಕವಾಟ ತೆರೆದಳು, ಮುಚ್ಚಿದಳು. ಉತ್ತರ, ದಕ್ಷಿಣ. ಹುಲ್ಲು ನೀರು ಕುಡಿದು ಹೊಳೆಯುತ್ತಿತ್ತು. ಇಷ್ಟು ಚೆನ್ನಾಗಿ ಅದು ಎಂದೂ ಬೆಳೆದಿರಲಿಲ್ಲ. ಮಗುವಿನ ತಲೆ ಸವರಿದ ಹಾಗೆ ಅದನ್ನು ಸವರಿದ್ದಳು, ಹತ್ತೊಂಬತ್ತು ವರ್ಷ.

ಪಶ್ಚಿಮದ ಪಟ್ಟಿಗೆ ಬಂದು ಮೊಣಕಾಲೂರಿದಳು. ಇಲ್ಲಿಯವರೆಗೆ ನೀರನ್ನು ಈ ಪಟ್ಟಿಗೆ ಕೈಯಲ್ಲಿ ಚಿಮುಕಿಸುತ್ತಿದ್ದಳೇ ಹೊರತು ಬಿಟ್ಟಿರಲಿಲ್ಲ. ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಚಿಂದಿ, ಬೂದಿ, ತುಕ್ಕು. ನೀರು ಅವನ್ನು ಹುಡುಕಿಕೊಂಡು ಹೋಗುತ್ತದೆ. ನಾಳೆ ಮೂರು ಸಾವಿರ ಜನ ಕೂತ ಮೇಲೆ ಆಗುವುದು ಇವತ್ತು ಖಾಲಿ ಕುರ್ಚಿಗಳಿಗೆ ಆಗುತ್ತದೆ. ಆಮೇಲೆ ಯಾವ ಕೈಗೂ ಅದನ್ನು ತುಂಬಿ ಮುಚ್ಚಲಾಗುವುದಿಲ್ಲ.

ಲೀಗು ಈ ಊರಿಗೆ ಬರುವುದಿಲ್ಲ. ಮೂವತ್ತು ಹೆಂಗಸರ ಕೆಲಸ ಹೋಗಬಹುದು. ರೇಡಿಯೋ ಶಾಪ ಹಾಕುತ್ತಾಳೆ. ಅತ್ತೆ ಗೋಲು ನೋಡದೆಯೇ ಸಾಯಬಹುದು. ಕವಾಟ ಯಾರ ಪಾಳಿ ಎಂದು ಪೊಲೀಸರು ಕೇಳಿದರೆ ಮೇಸ್ತ್ರಿ ಒಂದೇ ಹೆಸರು ಹೇಳುತ್ತಾನೆ. ಅವಳು ಒಂದೊಂದನ್ನೂ ಎದುರಿಗಿಟ್ಟುಕೊಂಡು ನೋಡಿದಳು. ಯಾವುದೂ ಅವಳ ಕೈ ತಡೆಯಲಿಲ್ಲ.

ಗ್ಯಾಲರಿಯ ಕೆಳಗೆ ಬಗ್ಗಿ, ಈ ತುದಿಯಿಂದ ಆ ತುದಿಗೆ ನಡೆದು ನೋಡಿದಳು. ಯಾರೂ ಮಲಗಿರಲಿಲ್ಲ. ಇನ್ನೊಮ್ಮೆ ನೋಡಿದಳು. ಕಾವಲುಗಾರ ಗೇಟು ಬಿಟ್ಟು ಏಳುವವನಲ್ಲ. ವಾಪಸ್ ಬಂದು ಮೊಂಡು ಚಾಕು ತೆಗೆದು ಹುಲ್ಲನ್ನು ಉದ್ದಕ್ಕೆ ಸೀಳಿದಳು. ಹಸಿರು ಬಟ್ಟೆಯ ಮರೆಯಲ್ಲಿ, ಹಲಗೆಯ ಕೆಳಗೆ, ಗಾಳಿ ಬರುತ್ತಿದ್ದ ಆ ಬಾಯಿಗೆ ಪೈಪಿನ ತುದಿ ತೂರಿಸಿದಳು. ಕವಾಟವನ್ನು ಪೂರ್ತಿ ತಿರುಗಿಸಿದಳು. ಪೈಪು ಬಿಗಿಯಾಯಿತು. ಸದ್ದು ಮಾಡದೆ ನೆಲ ಕುಡಿಯತೊಡಗಿತು.

ಗೇಟಿನಲ್ಲಿ ಕಾವಲುಗಾರ ಕೇಳಿದ: "ನೀರೆಲ್ಲ ನಿಲ್ಸಿದ್ಯಾ?"

"ನಿಲ್ಸಿದೆ."

ರೇಡಿಯೋ ಹೊರಗೆ ಅವಳಿಗಾಗಿ ಕಾಯುತ್ತಿದ್ದಳು. ನಿನ್ನೆಯ ಮಾತಿಗೆ ಮುಖ ಸಣ್ಣದು ಮಾಡಿಕೊಂಡಿದ್ದಳು.

"ಅಕ್ಕಾ, ನಾಳೆ ನನ್ನ ಪಕ್ಕದಲ್ಲೇ ಕೂರ್ತೀಯಾ? ನೀನಿದ್ರೆ ನಂಗೆ ಧೈರ್ಯ."

ಮಟ್ಟಕ್ಕ ಹೂಂ ಎಂದಳು. ಇಬ್ಬರೂ ಬೀದಿ ಹಿಡಿದು ನಡೆದರು. ರೇಡಿಯೋ ಮಕ್ಕಳ ಬಟ್ಟೆಯ ವಿಷಯ ಹೇಳುತ್ತಿದ್ದಳು. ಇವಳು ತಲೆಯಾಡಿಸುತ್ತ, ಬೆಳಕು ಹರಿಯಲು ಇನ್ನೆಷ್ಟು ಗಂಟೆ ಎಂದು ಮನಸ್ಸಿನಲ್ಲೇ ಎಣಿಸಿದಳು. ಹನ್ನೊಂದು. ಸಾಕು.